ರೈಲು ಕೂಗುವ ಮುಂಚಿನ ಸುಳ್ಳುಗಳು

ನಮ್ಮ ದೊಡ್ಡಮ್ಮ ಜನ್ಮದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ. ಬೆಳಗಿನ ರೈಲು ಕೂಗುವ ಮುಂಚೆ ಹೇಳಿದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಅಷ್ಟೆ!

ರೈಲು ಅಂದರೆ ನಮ್ಮ ಕಡೆಯ ಚಿಕ್ಕ ರೈಲು. ಚಿಕ್ಕಬಳ್ಳಾಪುರದ ಕಡೆಯಿಂದ ಏದುಸಿರು ಬಿಡುತ್ತ ಬಂದು, ಶಿಡ್ಲಘಟ್ಟದಲ್ಲಿ ನಿಂತು ಸುಧಾರಿಸಿಕೊಂಡು, ಚಿಂತಾಮಣಿಯ ಕಡೆಗೆ ಹೋಗುತ್ತಿತ್ತು. ಅದರ ಪಕ್ಕದಲ್ಲಿ ಎತ್ತಿನ ಗಾಡಿ ಓಡಿಸುವವರು ಪಂದ್ಯ ಕಟ್ಟಿ ಗೆಲ್ಲುತ್ತಿದ್ದರೆಂದು ಹೇಳುತ್ತಾರೆ. ನಾನು ನೋಡಿಲ್ಲ, ನಂಬುತ್ತೇನೆ. ಶಿಡ್ಲಘಟ್ಟದಿಂದ ಒಂದೂವರೆ ಮೈಲಿ ದೂರದ ನಮ್ಮ ಹಳ್ಳಿಯಲ್ಲಿ ಐವತ್ತರ ದಶಕದಲ್ಲಿ ಗಡಿಯಾರ ಇದ್ದ ಮನೆ ಎರಡೋ ಮೂರೋ. ಉಳಿದವರಿಗೆಲ್ಲ ಆ ರೈಲೇ ಗಡಿಯಾರ. ಅದು ಕೂಗಿದರೆ ಎಂಟು ಗಂಟೆ. ಹತ್ತಕ್ಕೆ ಕೂಗಿದರೂ ಎಂಟೇ ಗಂಟೆ!

ಆ ಕೂಗು ಕೇಳಿದ ಕೂಡಲೇ ದೊಡ್ಡಮ್ಮ ಹಿತ್ತಲಿಗೆ ಹೋಗಿ, ಕೈಕಾಲು ತೊಳೆದು, ಮೂರು ಸಲ ಬಾಯಿ ಮುಕ್ಕಳಿಸಿ, ನಸುಕಿನಲ್ಲಿ ಒಮ್ಮೆ ಸೊಪ್ಪು ಹಾಕಿ ಮುಚ್ಚಿದ್ದ ರೇಷ್ಮೆ ಹುಳದ ಮನೆಯ ಬಾಗಿಲನ್ನು ಮತ್ತೆ ತೆಗೆಯುತ್ತಿದ್ದರು. ಹುಳದ ಮನೆಗೆ ಬೀಡಿಯ ವಾಸನೆ ಬೀಳಬಾರದು, ಈರುಳ್ಳಿ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಬಾರದು, ತೊಳೆಯದ ಕಾಲಲ್ಲಿ ಹೋಗಬಾರದು ಎಂದು ಹುಳ ಸಾಕುವವರೆಲ್ಲ ಹೇಳುತ್ತಾರೆ. ಸುಳ್ಳು ಹೇಳಿದ ಬಾಯಲ್ಲಿ ಹೋಗಬಾರದು ಎಂಬುದನ್ನು ದೊಡ್ಡಮ್ಮ ತಾವೇ ಸೇರಿಸಿಕೊಂಡಿದ್ದರು. ಹುಳ ಕಾಯಿಲೆ ಬೀಳುತ್ತದಂತೆ! ಆದ್ದರಿಂದ ಆ ದಿನದ ಸುಳ್ಳನ್ನೆಲ್ಲ ರೈಲಿಗೆ ಮುಂಚೆಯೇ ಹೇಳಿ ಮುಗಿಸಬೇಕು. ರೈಲು ತಡವಾದ ದಿನ ನಮಗೆ ಒಂದೆರಡು ಸುಳ್ಳು ಹೆಚ್ಚಿಗೆ ಸಿಗುತ್ತಿದ್ದವು.

ಅವರ ಒಳ್ಳೆಯತನದ ಮಾತು ಆಡುವವರು ಬೇಕಾದಷ್ಟು ಜನ ಇದ್ದಾರೆ. ಹನ್ನೊಂದು ದಿನ ಅದನ್ನೇ ಕೇಳಿಕೊಂಡು ಕೂತಿದ್ದೆ. ಎಲ್ಲ ನಿಜವೇ. ಆದರೆ ಅವರ ಸುಳ್ಳಿನ ಮಾತನ್ನು ಯಾರೂ ಎತ್ತಲಿಲ್ಲ. ಅಷ್ಟೂ ಸುಳ್ಳು ಹೇಳಿದ್ದು ನನ್ನೊಬ್ಬಳಿಗಾಗಿ. ನಾನು ಬರೆದಿಡದಿದ್ದರೆ ಇನ್ನು ಯಾರು ಬರೆಯುತ್ತಾರೆ?

ದೊಡ್ಡಮ್ಮ ಎಂದರೆ ನಮ್ಮ ತಂದೆಯ ಅಣ್ಣನ ಹೆಂಡತಿ. ಹೆತ್ತ ತಾಯಿಯ ಮುಖ ನನಗೆ ನೆನಪಿಲ್ಲ. ತಂದೆಗೆ ಗೌರಿಬಿದನೂರಿನಲ್ಲಿ ಸರ್ಕಾರಿ ಕೆಲಸ. ಒಂದು ಪಾವು ಅಕ್ಕಿ ಬೇಯಿಸಿಕೊಳ್ಳಲು ಬಾರದವರು ಮಗಳನ್ನು ಹೇಗೆ ಸಾಕಿಯಾರು? ಐದು ವರ್ಷದ ನನ್ನನ್ನು ಒಂದು ತಗಡಿನ ಪೆಟ್ಟಿಗೆಯ ಜೊತೆಗೆ ತಮ್ಮ ಅಣ್ಣನ ಮನೆಯಲ್ಲಿ ಬಿಟ್ಟರು. ಆ ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ, ನನಗಿಂತ ಮೂರು ವರ್ಷಕ್ಕೆ ದೊಡ್ಡವನಾದ ಅವರ ಮಗ, ಒಂದು ಎಮ್ಮೆ, ಮತ್ತೆ ಬಿದಿರಿನ ತಟ್ಟೆಗಳ ತುಂಬ ಸಾವಿರಾರು ರೇಷ್ಮೆ ಹುಳುಗಳು. ಮಗನನ್ನು ನಾನು ಅಣ್ಣ ಎನ್ನುತ್ತಿದ್ದೆ. ಇಷ್ಟು ಜನ ಇದ್ದ ಮನೆಯಲ್ಲಿ ಊಟಕ್ಕೆ ಹಟ ಮಾಡುವ ಜೀವ ಅಂದರೆ ನಾನೊಬ್ಬಳೇ.

ನನ್ನ ಊಟ ಏನು? ಬಿಳಿ ಅನ್ನ, ಮೊಸರು, ಬೆಲ್ಲ. ಹಸಿರು ಕಂಡರೆ ಆಗದು. ಚಿತ್ರಾನ್ನದಲ್ಲಿ ಕರಿಬೇವಿನ ಎಲೆ ಸಿಕ್ಕರೆ ಒಂದೊಂದನ್ನೇ ಎಳೆದು, ತಟ್ಟೆಯ ಅಂಚಿನ ಮೇಲೆ ಸಾಲಾಗಿ ಜೋಡಿಸಿ, "ಇನ್ನೂ ಒಂದು ಎಲ್ಲೋ ಇದೆ" ಎಂದು ಅನ್ನವನ್ನೆಲ್ಲ ಕೆದಕುತ್ತಿದ್ದೆ. ಅಷ್ಟು ಹೊತ್ತಿಗೆ ಅಣ್ಣ ಎರಡು ಸಲ ಬಡಿಸಿಕೊಂಡು ಎದ್ದಿರುತ್ತಿದ್ದ.

ಆ ಮನೆಗೆ ಹೋದ ಹೊಸತರಲ್ಲಿ ದೀಪ ಹಚ್ಚುವ ಹೊತ್ತಾಯಿತೆಂದರೆ ನಾನು ಎಡವುತ್ತಿದ್ದೆ. ಒರಳಿಗೆ, ಹೊಸಲಿಗೆ, ಜಗಲಿಯ ಕೆಳಗೆ ಮಲಗಿದ್ದ ನಾಯಿಗೆ. ಅಣ್ಣ ನನಗೆ 'ಎಡವಮ್ಮ' ಎಂದು ಹೆಸರಿಟ್ಟ. ಒಂದು ಸಂಜೆ ದೊಡ್ಡಮ್ಮ ಬೆಲ್ಲದ ಚೂರು ಚಾಚಿ "ತಗೋ ಪುಟ್ಟಿ" ಅಂದರು. ನಾನು ಕೈ ಚಾಚಿ ಅವರ ಕೈಯ ಪಕ್ಕದ ಗಾಳಿಯನ್ನು ತಡಕಿದೆ. ಅವರು ಕೈಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ ನೋಡಿದರು. ಬೆಲ್ಲವನ್ನು ನನ್ನ ಬಾಯಿಗೇ ಇಟ್ಟು, ಮಾರನೆಯ ದಿನ ಶಿಡ್ಲಘಟ್ಟದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರು ನನ್ನ ರೆಪ್ಪೆ ಎಳೆದು ನೋಡಿ ಹೇಳಿದರು. "ಇರುಳುಗಣ್ಣು. ಸೊಪ್ಪು, ಕ್ಯಾರೆಟ್ಟು, ಕುಂಬಳಕಾಯಿ ತಿನ್ನಿಸಿ. ದಿನಾ ತಿನ್ನಿಸಬೇಕು. ಅಸಡ್ಡೆ ಮಾಡಿದ್ರೆ ಹಗಲು ಕಣ್ಣೂ ಹೋಗ್ಬಿಡತ್ತೆ."

"ಮಗು ಸೊಪ್ಪು ಬಾಯಿಗೇ ಇಡಲ್ಲ ಸ್ವಾಮಿ."

"ಇಡೋ ಹಾಗೆ ಮಾಡೋದು ನಿಮ್ಮ ಕೆಲಸ ಕಣಮ್ಮ. ನನ್ನ ಹತ್ರ ಅದಕ್ಕೆ ಔಷಧಿ ಇಲ್ಲ."

ಮೊದಲ ದಿನ ಸೊಪ್ಪಿನ ಹುಳಿ. ಉಗುಳಿದೆ. ಎರಡನೆಯ ದಿನ ಪಲ್ಯ. ಅದನ್ನೂ ಉಗುಳಿದೆ, ಅದು ದೊಡ್ಡಪ್ಪನ ಮಡಿ ಪಂಚೆಯ ಮೇಲೆ ಬಿತ್ತು.

"ಎರಡು ಬಿಟ್ಟು ತಿನ್ಸೇ," ಅಂದರು ದೊಡ್ಡಪ್ಪ, ಪಂಚೆ ಕೊಡವುತ್ತ.

"ಹುಳಕ್ಕೆ ಹೊಡೆದು ತಿನ್ಸ್ತೀವಾ?"

"ಹುಳ ಬೇರೆ, ಹುಡುಗಿ ಬೇರೆ ಕಣೇ."

"ಏನ್ ಬೇರೆ? ತಿನ್ನಲಿಲ್ಲ ಅಂದ್ರೆ ಎರಡರಲ್ಲೂ ತಪ್ಪು ಸಾಕೋರದ್ದು."

ಅಲ್ಲಿಗೆ ನನ್ನ ಹಣೆಬರಹ ತೀರ್ಮಾನವಾಯಿತು. ಆಗ ತಾನೇ ಮೊಟ್ಟೆ ಒಡೆದು ಬಂದ ಹುಳ ಇರುವೆಗಿಂತ ಚಿಕ್ಕದಾಗಿರುತ್ತದೆ. ಅದರ ಮುಂದೆ ಇಡೀ ಎಲೆ ಹಾಕಿದರೆ ಹಸಿದೇ ಸಾಯುತ್ತದೆ. ಹಿಪ್ಪುನೇರಳೆಯ ಎಳೆ ಸೊಪ್ಪನ್ನು ದಾರದ ಹಾಗೆ ಸಣ್ಣಗೆ ಹೆಚ್ಚಿ ಉದುರಿಸಬೇಕು. ಹುಳ ಬೆಳೆದಂತೆಲ್ಲ ಚೂರು ದೊಡ್ಡದಾಗುತ್ತ ಹೋಗಿ, ಕೊನೆಗೆ ಕೊಂಬೆ ಸಮೇತ ಹಾಕಿದರೂ ಜಡಿಮಳೆಯ ಸದ್ದು ಮಾಡಿಕೊಂಡು ತಿಂದು ಮುಗಿಸುತ್ತದೆ. ಸಣ್ಣಗೆ ಹೆಚ್ಚುವುದರಲ್ಲಿ ದೊಡ್ಡಮ್ಮನ ಕೈ ನಮ್ಮ ಸುತ್ತಮುತ್ತ ಹೆಸರಾದದ್ದು. "ಇವಳಿನ್ನೂ ನೆನ್ನೆ ಮೊಟ್ಟೆ ಒಡೆದಿರೋ ಹುಳ. ನಾನು ಇಡೀ ಎಲೆ ಹಾಕ್ಬಿಟ್ಟೆ," ಎಂದು ತಮ್ಮ ಮೇಲೆಯೇ ತಪ್ಪು ಹೊರಿಸಿಕೊಂಡು ಚಾಕು ಮಸೆದರು.

ನಸುಕಿನಲ್ಲೇ ಎದ್ದು ಕೆರೆಯ ಅಂಗಳದಿಂದ ಹೊನಗೊನ್ನೆ ಸೊಪ್ಪು ಕಿತ್ತು ತರುವುದು. ಕಣ್ಣಿಗೆ ಅದನ್ನು ಮೀರಿದ್ದಿಲ್ಲ ಎಂದು ಅವರ ನಂಬಿಕೆ. ಇನ್ನೂ ಸುಳ್ಳು ಹೇಳದ ಬಾಯಲ್ಲಿ ಹುಳದ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಹುಳದ ಸೊಪ್ಪು ಹೆಚ್ಚುವ ಮಣೆಯ ಮೇಲೇ ಅದನ್ನೂ ಹೆಚ್ಚುವುದು. ಮಕ್ಕಳು ಹುಳದ ಮನೆಗೆ ಕಾಲಿಡುವಂತಿರಲಿಲ್ಲ. ಕಳ್ಳ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಆಮೇಲೆ ರೊಟ್ಟಿ. ಆಮೇಲೆ ಸುಳ್ಳು.

"ದೊಡ್ಡಮ್ಮ, ರೊಟ್ಟೀಲಿ ಇದೇನು ಹಸಿರು ಚುಕ್ಕೆ?"

"ರಾಗೀದೇ ಕಣಮ್ಮ. ಈ ಸಲ ರಾಗಿ ಸ್ವಲ್ಪ ಎಳಸು."

ಚೂರುಗಳು ಎಷ್ಟು ಸಣ್ಣಗಿದ್ದವೆಂದರೆ ಎಳೆದು ಅಂಚಿಗೆ ಜೋಡಿಸೋಣವೆಂದರೆ ಉಗುರಿಗೆ ಸಿಗುತ್ತಿರಲಿಲ್ಲ. ಸೋತು ತಿಂದೆ. ಸ್ಕೂಲಿಗೆ ಸೇರಿದ ಮೇಲೆ ಮೇಷ್ಟ್ರು ರಾಗಿಯ ಬಣ್ಣ ಯಾವುದೆಂದು ಕೇಳಿದಾಗ "ಕೆಂಪು, ಮಧ್ಯೆ ಮಧ್ಯೆ ಹಸಿರು ಚುಕ್ಕೆ" ಎಂದು ಗಟ್ಟಿಯಾಗಿ ಹೇಳಿದವಳು ನಾನೊಬ್ಬಳೇ!

ದೋಸೆಯ ಹಿಟ್ಟಿಗೆ ಕ್ಯಾರೆಟ್ಟು ಅರೆದು ಬೆರೆಸಿದ ದಿನ ದೋಸೆ ಕೇಸರಿ ಬಣ್ಣಕ್ಕೆ ತಿರುಗಿತ್ತು.

"ಅದು ಬೆಳಗಿನ ಬಿಸಿಲು ಬಿದ್ದಿರೋದು," ಅಂದರು ದೊಡ್ಡಮ್ಮ.

ನಾನೇನು ದಡ್ಡಿಯೇ? ತಟ್ಟೆಯನ್ನು ಎತ್ತಿಕೊಂಡು ನೆರಳಿಗೆ ಹೋಗಿ ನೋಡಿದೆ. "ಇಲ್ಲೂ ಹಂಗೇ ಇದೆ!"

ದೊಡ್ಡಮ್ಮ ಬಗ್ಗಿ ದೋಸೆಯನ್ನು ಪರೀಕ್ಷೆ ಮಾಡಿದರು. "ಅಯ್ಯೋ, ಹೀರ್ಕೊಂಬಿಟ್ಟಿದೆ ಕಣಮ್ಮ! ಬೇಗ ತಿನ್ನು, ಆರಿಹೋಗತ್ತೆ."

ಬಿಸಿಲು ಆರಿಹೋಗುವ ಮುಂಚೆ ಮೂರು ದೋಸೆ ತಿಂದೆ.

ಬೀಟ್ರೂಟಿನ ಹೆಸರನ್ನು ಡಾಕ್ಟರು ಹೇಳಿರಲಿಲ್ಲ. ಬಣ್ಣ ಇರುವುದೆಲ್ಲ ಕಣ್ಣಿಗೆ ಒಳ್ಳೆಯದೆಂದು ದೊಡ್ಡಮ್ಮ ತಾವೇ ತೀರ್ಮಾನಿಸಿದ್ದರು. ದೊಡ್ಡಪ್ಪ ಚಿಕ್ಕಬಳ್ಳಾಪುರಕ್ಕೆ ಹೋದವರು ನಾಲ್ಕು ಗಡ್ಡೆ ತಂದರು. ಮಾರನೆಯ ದಿನ ಬೆಳಿಗ್ಗೆ ಅಕ್ಕಿರೊಟ್ಟಿ ಮದುಮಗಳ ಕೆನ್ನೆಯ ಹಾಗೆ ಇತ್ತು. "ಗುಲಾಬಿ ಹೂವ ಅರೆದು ಹಾಕಿದೀನಿ," ಎಂದರು. ನನಗೆ ಒಂದು ಸಾಕಾಯಿತು. ಅಣ್ಣ ಆರು ತಿಂದ.

ಅದರ ಮಾರನೆಯ ಬೆಳಿಗ್ಗೆ ಹಿತ್ತಲಿನಿಂದ ಕೂಗು. "ಅಮ್ಮಾ! ರಕ್ತ! ಉಚ್ಚೇಲಿ ರಕ್ತ!"

ದೊಡ್ಡಪ್ಪ ಏನು ಎತ್ತ ಎಂದು ಕೇಳಲಿಲ್ಲ. ಎಂಟು ವರ್ಷದ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಹೊಲದ ಬದುಗಳ ಮೇಲೆ ಒಂದೂವರೆ ಮೈಲಿ ಓಡಿದರು. ಹಿಂದೆ ದೊಡ್ಡಮ್ಮ, ಅವರ ಸೆರಗು ಹಿಡಿದುಕೊಂಡು ನಾನು. ಡಾಕ್ಟರು ತಮ್ಮ ಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದುಕೊಂಡು ನಿಂತಿದ್ದರು.

"ನೆನ್ನೆ ಏನು ತಿಂದ?"

ದೊಡ್ಡಮ್ಮ ಪಕ್ಕದಲ್ಲಿದ್ದ ನನ್ನನ್ನು ನೋಡಿದರು. "ರೊಟ್ಟಿ ಸ್ವಾಮಿ."

"ರೊಟ್ಟಿಗೆ ಏನು ಹಾಕಿದ್ರಿ?"

"ಗುಲಾಬಿ ಹೂವ."

ಡಾಕ್ಟರು ಲೋಟ ಕೆಳಗಿಟ್ಟರು. "ಗುಲಾಬಿ ಹೂವಿಗೆ ಹಿಂಗಾಗಲ್ಲಮ್ಮ. ನಿಜ ಹೇಳಿ. ಇಲ್ಲ ಅಂದ್ರೆ ಕೋಲಾರದ ದೊಡ್ಡಾಸ್ಪತ್ರೆಗೆ ಕಳಿಸ್ಬೇಕಾಗತ್ತೆ."

ಆ ಹೊತ್ತಿಗೆ ಸರಿಯಾಗಿ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು. ದೊಡ್ಡಮ್ಮ ಡಾಕ್ಟರ ಮನೆಯ ನಲ್ಲಿಗೆ ಹೋದರು. ಮೂರು ಸಲ ಬಾಯಿ ಮುಕ್ಕಳಿಸಿದರು. ವಾಪಸು ಬಂದು, ನನ್ನ ಎರಡೂ ಕಿವಿ ಮುಚ್ಚಿ, ಡಾಕ್ಟರಿಗೆ ಏನೋ ಹೇಳಿದರು. ಡಾಕ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಕೆಮ್ಮು ಬರುವ ತನಕ ನಕ್ಕರು. ದೊಡ್ಡಪ್ಪ ಮಾತ್ರ ನಗಲಿಲ್ಲ. "ಬರೋವಾಗ ನಾನು ಇವನ್ನ ಹೊತ್ಕೊಂಡು ಬಂದೆ. ಹೋಗೋವಾಗ ಇವನು ನನ್ನ ಹೊತ್ಕೊಂಡು ಹೋಗ್ಲಿ," ಎಂದು ಡಾಕ್ಟರ ಮೆಟ್ಟಿಲ ಮೇಲೇ ಕೂತುಬಿಟ್ಟರು.

ಇದಾದ ಮೇಲೆ ದೊಡ್ಡಮ್ಮ ಬುದ್ಧಿ ಕಲಿತರೆಂದುಕೊಂಡಿರಾ? ಬೀಟ್ರೂಟು ಬಿಟ್ಟರು, ಅಷ್ಟೆ.

ಹುಳದ ಮನೆಯಲ್ಲಿ ಆಗ ಮೊಟ್ಟೆ ಒಡೆದು ಎರಡು ದಿನವಾಗಿತ್ತು. ನಸುಕಿನಲ್ಲಿ ಎರಡು ಮೊರ ಅಕ್ಕಪಕ್ಕ. ಒಂದರಲ್ಲಿ ಹುಳಕ್ಕೆಂದು ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ, ಇನ್ನೊಂದರಲ್ಲಿ ನನಗೆಂದು ಸಣ್ಣಗೆ ಹೆಚ್ಚಿದ ಹೊನಗೊನ್ನೆ. ಮಂಕುಬೆಳಕಿನಲ್ಲಿ ಎರಡೂ ಒಂದೇ ಥರ. ಒಂದು ಮೊರ ಹುಳದ ಮೇಲೆ ಉದುರಿಸಿ, ಇನ್ನೊಂದು ತಂದು ಹಿಟ್ಟಿಗೆ ಕಲಸಿದರು. ನಾವು ತಿಂದೆವು. ರೈಲು ಕೂಗಿತು. ದೊಡ್ಡಮ್ಮ ಬಾಯಿ ಮುಕ್ಕಳಿಸಿ ಹುಳದ ಮನೆಗೆ ಹೋದವರು ಒಳಗಿನಿಂದ ಕಿರುಚಿದರು.

"ಇಲ್ ಬನ್ನಿ! ಹುಳ ತಿಂತಾ ಇಲ್ಲ! ಎಲ್ಲಾ ತಟ್ಟೆ ಅಂಚಿಗೆ ಹೋಗಿ ಕೂತಿವೆ!"

ಹುಳ ಸೊಪ್ಪು ಮುಟ್ಟಲಿಲ್ಲವೆಂದರೆ ರೋಗ ಬಿತ್ತೆಂದೇ ಅರ್ಥ. ದೊಡ್ಡಪ್ಪ ಓಡಿ ಹೋಗಿ, ತಟ್ಟೆಯಿಂದ ಒಂದು ಚಿಟಿಕೆ ಸೊಪ್ಪು ಬಾಯಿಗೆ ಹಾಕಿಕೊಂಡು ಅಗಿದರು. ಹೊರಗೆ ನಿಂತ ನಮಗೆ ಸ್ವಲ್ಪ ಹೊತ್ತು ಅಗಿಯುವ ಸದ್ದು ಮಾತ್ರ ಕೇಳಿಸಿತು.

"ಲೇ, ಇದು ಹೊನಗೊನ್ನೆ ಕಣೇ!"

"ಹಂಗಾದ್ರೆ ರೊಟ್ಟಿಗೆ ಹಾಕಿದ್ದೇನು?"

ಆಮೇಲೆ ದೊಡ್ಡಪ್ಪ ಹೇಳಿದರು. "ಇವತ್ತಿನ ರೊಟ್ಟಿ ಚೆನ್ನಾಗೇ ಇತ್ತು."

ಅಣ್ಣನಿಗೆ ಇಷ್ಟು ಸಾಕಾಗಿತ್ತು. ಹುಳದ ಮನೆಯ ಹಿಂದಕ್ಕೆ ನನ್ನನ್ನು ಕರೆದುಕೊಂಡು ಹೋಗಿ, ಬಹಳ ದುಃಖದಿಂದ ತಿಳಿಸಿದ. "ಪುಟ್ಟಿ, ನೀನು ಹುಳದ ಸೊಪ್ಪು ತಿಂದಿದೀಯ. ಇನ್ನು ನಾಲ್ಕು ದಿನಕ್ಕೆ ಬಾಯಿಂದ ನೂಲು ಬರತ್ತೆ. ಗೂಡು ಕಟ್ತೀಯ. ಆಮೇಲೆ ಶಿಡ್ಲಘಟ್ಟಕ್ಕೆ ತಗೊಂಡು ಹೋಗಿ ಬಿಸಿನೀರಲ್ಲಿ ಹಾಕ್ತಾರೆ."

"ನೀನೂ ತಿಂದಿದೀಯಲ್ಲ!"

"ನಾನು ಗಂಡುಹುಡುಗ. ನಮಗೆ ಬರಲ್ಲ."

ನಾಲ್ಕು ದಿನ ನಾನು ಬಾಯಿ ಬಿಡಲಿಲ್ಲ. ಎಲ್ಲಿ ನೂಲು ಹೊರಗೆ ಬಂದುಬಿಡುವುದೋ! ನಾಲ್ಕನೆಯ ದಿನ ಕಂಬಳಿ ಸುತ್ತಿಕೊಂಡು ಮೂಲೆಯಲ್ಲಿ ಕೂತವಳನ್ನು ದೊಡ್ಡಮ್ಮ ಎತ್ತಿಕೊಂಡು, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಪೂರ್ತಿ ಹುಡುಕಿ ನೋಡಿ, "ಇಲ್ಲ ಕಣಮ್ಮ, ನೂಲಿಲ್ಲ. ಸೊಪ್ಪು ಅವತ್ತೊಂದಿನ ಕೈತಪ್ಪಿ ಬಿದ್ದಿತ್ತು. ದಿನಾ ಹಾಕ್ತೀನಾ ಎಲ್ಲಾದ್ರೂ?" ಎಂದರು. ನಾನು ನಂಬಿದೆ. ರೈಲು ಇನ್ನೂ ಕೂಗಿರಲಿಲ್ಲ.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಏನು? ಅದನ್ನು ನೋಡಲು ಸಂಜೆಯ ಪರೀಕ್ಷೆ ಇತ್ತು. ದೀಪ ಹಚ್ಚುವ ಮುಂಚೆ ನನ್ನನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ದೊಡ್ಡಮ್ಮ ಸದ್ದಿಲ್ಲದೆ ಎಲ್ಲೋ ಹೋಗಿ ನಿಲ್ಲುತ್ತಿದ್ದರು. ಪಕ್ಕದಲ್ಲಿ ಕೂತ ಅಣ್ಣ ಕೇಳಬೇಕು. "ಪುಟ್ಟಿ, ಅಮ್ಮ ಎಲ್ಲಿ?"

ನಾನು ಬೆರಳು ತೋರಿಸಬೇಕು. ತಪ್ಪಾದರೆ ದೊಡ್ಡಮ್ಮ "ಇರ್ಲಿ ಬಿಡು, ನಾಳೆ ಹೇಳುವಂತೆ" ಎನ್ನುತ್ತಿದ್ದರು. ಆದರೆ ಆ ರಾತ್ರಿ ಅವರ ಮುದ್ದೆ ಅರ್ಧಕ್ಕೇ ನಿಲ್ಲುತ್ತಿತ್ತು. ನಮ್ಮ ಹಿತ್ತಲಿನ ಬಾವಿಗೆ ಕಟ್ಟೆ ಇರಲಿಲ್ಲ. ಸರಿಯಾಗಿ ಹೇಳುವ ತನಕ ಸಂಜೆ ಹೊತ್ತು ಹೊರಗೆ ಆಡಲು ಬಿಡುವುದಿಲ್ಲವೆಂದು ಅವರು ಹೇಳಿಬಿಟ್ಟಿದ್ದರು. ಬೀದಿಯಲ್ಲಿ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ನಾನು ಕಲ್ಲಿನ ಮೇಲೆ ಕೂತಿರುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ನನಗೆ ಉಪಾಯ ಸಿಕ್ಕಿತು. ದೊಡ್ಡಮ್ಮನ ಎರಡು ಕೈಯಲ್ಲೂ ಹನ್ನೆರಡು ಹನ್ನೆರಡು ಗಾಜಿನ ಬಳೆ. ಎಷ್ಟೇ ಮೆತ್ತಗೆ ನಡೆದರೂ ಅವು ಸುಮ್ಮನಿರುತ್ತವೆಯೇ?

"ನುಗ್ಗೆ ಮರದ ಹತ್ರ!" ಸರಿ.

"ಕೊಟ್ಟಿಗೆ ಬಾಗಿಲಲ್ಲಿ!" ಸರಿ.

"ಬಾವಿ ಹತ್ರ!" ಅದೂ ಸರಿ.

ದೊಡ್ಡಮ್ಮನ ಸಂತೋಷ ಹೇಳತೀರದು. ಪಾಯಸ ಮಾಡಿದರು. ಅವರ ತವರು ಮುರುಗಮಲ್ಲದ ಪಕ್ಕ. ಬಸ್ಸು ಹತ್ತಿ ಹೋಗಿ ಅಲ್ಲಿಯ ದರ್ಗಾದಲ್ಲಿ ಹರಕೆಯ ಸಕ್ಕರೆ ಹಂಚಿ ಬಂದರು. ನನ್ನನ್ನು ಆಡಲು ಬಿಟ್ಟರು. ಮೂರನೆಯ ದಿನವೇ ಅಣ್ಣ ನನ್ನ ಜಡೆ ಹಿಡಿದು ಎಳೆದುಕೊಂಡು ಬಂದ.

"ಅಮ್ಮ, ಇವಳಿಗೆ ಏನೂ ಕಾಣ್ಸಲ್ಲ. ನಾನು ಹಿಡೀದೇ ಇದ್ದಿದ್ರೆ ಬಾವಿಗೇ ನಡ್ಕೊಂಡು ಹೋಗ್ತಿದ್ಲು."

"ಸುಳ್ಳು! ನಂಗೆ ಕಾಣ್ಸತ್ತೆ!" ಎಂದು ನಾನು ಅತ್ತೆ.

ದೊಡ್ಡಮ್ಮ ಜಗಲಿಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಂದರು. ನನ್ನನ್ನು ಕಲ್ಲಿನ ಮೇಲೆ ಕೂರಿಸಿದರು. ಈ ಸಲ ಒಂದು ಸದ್ದೂ ಇಲ್ಲ.

"ಪುಟ್ಟಿ, ಅಮ್ಮ ಎಲ್ಲಿ?"

ನಾನು ಕಿವಿಗೊಟ್ಟೆ. ಬಲಗಡೆ ಏನೋ ಉಸಿರಾಡಿತು. ಇನ್ನೇನು ಬೇಕು? "ಇಲ್ಲಿ!" ಎಂದು ಓಡಿಹೋಗಿ ತಬ್ಬಿಕೊಂಡೆ.

ಎಮ್ಮೆಯ ಕಾಲು.

ಅಣ್ಣ ನೆಲದ ಮೇಲೆ ಉರುಳಾಡಿ ನಕ್ಕ. ಒಂದು ವಾರ ಸ್ಕೂಲಿಗೆ ಹೋಗುವಾಗ ಕೊಟ್ಟಿಗೆಗೆ ಹೋಗಿ, "ಅಮ್ಮ, ಬರ್ತೀನಿ" ಎಂದು ಎಮ್ಮೆಗೆ ಹೇಳಿ ಹೊರಡುತ್ತಿದ್ದ. ದೊಡ್ಡಮ್ಮ ಮಾತ್ರ ನಗಲಿಲ್ಲ. ಅವರು ಅಷ್ಟು ಹೊತ್ತೂ ನನ್ನ ಎದುರಿಗೆ ಎರಡು ಮೊಳ ದೂರದಲ್ಲಿ ನಿಂತಿದ್ದರಂತೆ. ನನ್ನನ್ನು ಎತ್ತಿಕೊಂಡು, "ಅಯ್ಯೋ ನಾ ತಲ್ಲೀ," ಎಂದರು. ನನ್ನ ತಾಯೀ ಎಂದ ಹಾಗೆ; ಎದೆಗೆ ತಟ್ಟಿದ ಮಾತು ಅವರಿಗೆ ತೆಲುಗಿನಲ್ಲೇ ಬರುತ್ತಿತ್ತು. ಬೈಯಲಿಲ್ಲ. ಬೆಳಗಿನ ಸುಳ್ಳು ತಾವು ಹೇಳಿಕೊಂಡು ಸಂಜೆಯ ಸುಳ್ಳಿಗೆ ನನ್ನನ್ನು ಹೇಗೆ ಬೈದಾರು?

ಅವರು ಅವತ್ತು ಬಳೆ ತೆಗೆದಿಟ್ಟು ಬಂದಿದ್ದರು. ಗಂಡ ಬದುಕಿರುವ ಹೆಂಗಸು ಬರಿಗೈ ಮಾಡಿಕೊಳ್ಳುವುದೆಂದರೆ ಎಂಥ ಮಾತು! ಅದೂ ಒಂದು ದಿನವಲ್ಲ. ಅಲ್ಲಿಂದ ಮುಂದೆ ಪ್ರತಿ ಸಂಜೆ ಜಗಲಿಯ ಮೇಲೆ ಕೂತು, ಬೆರಳ ಗೆಣ್ಣಿಗೆ ಕೊಬ್ಬರಿ ಎಣ್ಣೆ ಸವರಿ, ಇಪ್ಪತ್ನಾಲ್ಕು ಬಳೆಯನ್ನೂ ಒಂದೊಂದಾಗಿ ತೆಗೆದಿಟ್ಟು, ಪರೀಕ್ಷೆ ಮುಗಿಸಿ ಮತ್ತೆ ಒಂದೊಂದಾಗಿ ಹಾಕಿಕೊಳ್ಳುತ್ತಿದ್ದರು. ಗೆಣ್ಣಿನ ಚರ್ಮ ಸುಲಿದಿತ್ತು. ನಾನು ಕೇಳಿದರೆ "ಚಾಕು ತಗಲಿದ್ದು" ಎನ್ನುತ್ತಿದ್ದರು. ಬೆಳಿಗ್ಗೆ ಕೇಳಿರುತ್ತಿದ್ದೆ, ಇನ್ನೇನು ಹೇಳಿಯಾರು! ಊರಿಗೆಲ್ಲ ಗೊತ್ತಿದ್ದ ವಿಷಯ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಕತ್ತಲಾದರೆ ನನಗೆ ಅವರ ಕೈ ಎಲ್ಲಿ ಕಾಣಿಸುತ್ತಿತ್ತು?

ನೆರೆಮನೆಯ ಹೆಂಗಸರು ದೊಡ್ಡಪ್ಪನ ಹತ್ತಿರವೇ ದೂರು ತಂದರು. "ಏನ್ ಗೌಡ್ರೇ, ಮನೆಗೆ ಒಳ್ಳೇದಲ್ಲ ಇದು. ನೀವಾದ್ರೂ ಹೇಳಬಾರದಾ?"

"ನಂಗೇನೂ ತೊಂದರೆ ಇಲ್ಲಮ್ಮ," ಅಂದರು ದೊಡ್ಡಪ್ಪ. "ದಿನಾ ಸಂಜೆ ಐದು ನಿಮಿಷ ಸತ್ತು, ಮತ್ತೆ ಎದ್ದು ಊಟಕ್ಕೆ ಬರ್ತೀನಿ, ಅಷ್ಟೇ."

ಹೊನಗೊನ್ನೆ ಎರಡರಷ್ಟಾಯಿತು. ಉಪ್ಪಿಟ್ಟಿನಲ್ಲಿ ಕುಂಬಳಕಾಯಿ, ಇಡ್ಲಿಯ ಹೊಟ್ಟೆಯಲ್ಲಿ ನುಗ್ಗೆ ಸೊಪ್ಪು, ಅಂಬಲಿಯಲ್ಲಿ ಕ್ಯಾರೆಟ್ಟು. ತಿಂಗಳಿಗೊಮ್ಮೆ ಗೌರಿಬಿದನೂರಿನಿಂದ ಬರುತ್ತಿದ್ದ ನಮ್ಮ ತಂದೆ ಕುಂಬಳಕಾಯಿ ಮೂಸಿ ನೋಡದವರು. "ಅತ್ತಿಗೆ, ಉಪ್ಪಿಟ್ಟು ಅಂದ್ರೆ ಇದು!" ಎಂದು ಎರಡನೆಯ ಸಲ ಹಾಕಿಸಿಕೊಂಡು ಹೋಗುತ್ತಿದ್ದರು. ಎರಡು ಬೆಳೆ ಹುಳ ಗೂಡು ಕಟ್ಟಿ ಮಾರಾಟವಾಯಿತು. ಮೂರನೆಯ ಬೆಳೆಯ ಮೊಟ್ಟೆ ಒಡೆದಿತ್ತು. ಒಂದು ಸಂಜೆ ಅಣ್ಣ ಕಡಲೆಕಾಯಿ ತಿನ್ನುತ್ತ, ಆಕಳಿಸುತ್ತ ಕೇಳಿದ.

"ಪುಟ್ಟಿ, ಅಮ್ಮ ಎಲ್ಲಿ?"

ನಾನು ನೋಡಿದೆ. "ಬಾವಿ ಹತ್ರ."

"ಹೂಂ. ಏನ್ ಮಾಡ್ತಿದಾಳೆ?"

"ನಿಂತ್ಕೊಂಡಿದಾಳೆ. ಸೆರಗು ಸೊಂಟಕ್ಕೆ ಸಿಗಿಸ್ಕೊಂಡಿದಾಳೆ."

ಅಣ್ಣನ ಬಾಯಿ ಅಗಿಯುವುದು ನಿಂತಿತು. "ಆಮೇಲೆ?"

"ಕೈಯಲ್ಲಿ ಬಳೆ ಇಲ್ಲ. ದೊಡ್ಡಮ್ಮ, ನಿನ್ನ ಬಳೆ ಎಲ್ಲಿ?"

ದೊಡ್ಡಮ್ಮ ಇದ್ದಲ್ಲಿಂದ ಬಂದು ಕಲ್ಲಿನ ಪಕ್ಕ ನೆಲದ ಮೇಲೇ ಕೂತರು. "ಇನ್ನೊಂದ್ಸಲ ಹೇಳು ತಲ್ಲೀ."

"ನಿನ್ನ ಬಳೆ ಎಲ್ಲಿ ಅಂದೆ."

ಅವರು ಬರಿಯ ಕೈಗಳಲ್ಲಿ ನನ್ನ ಮುಖ ಹಿಡಿದುಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಮಾಡುತ್ತಿದ್ದರೋ. ಜಗಲಿಯಿಂದ ದೊಡ್ಡಪ್ಪನ ಕೂಗು ಬಂತು. "ಬಂತಾ ಕಣ್ಣು? ಹಂಗಾದ್ರೆ ಬೇಗ ಬಂದು ಬಳೆ ಹಾಕ್ಕೊಳೇ! ನಾನಿನ್ನು ಸಾಯೋದು ಸಾಕು!"

ಕಣ್ಣು ಬಂದ ಮೇಲೆ ಸುಳ್ಳು ನಿಲ್ಲಬೇಕಲ್ಲವೇ? ನಿಲ್ಲಲಿಲ್ಲ! ಹದಿನೈದು ವರ್ಷದವಳಾಗಿ, ಕೆರೆಯ ಅಂಗಳದಿಂದ ನಾನೇ ಸೊಪ್ಪು ಕಿತ್ತು ತಂದುಕೊಟ್ಟ ದಿನವೂ, ರೊಟ್ಟಿಯ ಮುಂದೆ ಕೂತು ಕೇಳುತ್ತಿದ್ದೆ. "ದೊಡ್ಡಮ್ಮ, ಇದಕ್ಕೇನು ಹಾಕಿದೀಯ?"

"ಏನೂ ಇಲ್ಲ ಕಣೇ. ಎಳೇ ರಾಗಿ."

ಆ ಹೊತ್ತಿಗೆ ಚೂರುಗಳು ದೊಡ್ಡವಾಗಿದ್ದವು. ನಾನು ಕೊಂಬೆ ತಿನ್ನುವ ಹುಳವಾಗಿದ್ದೆ. ಅರವತ್ತರ ದಶಕದ ನಡುವೆ ನನ್ನ ಮದುವೆಯಾಯಿತು. ಮದುವೆಯ ಬೆಳಿಗ್ಗೆ ಚಿಂತಾಮಣಿಯ ಬೀಗರ ಪಂಕ್ತಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ಇನ್ನೂ ತಾಳಿ ಕಟ್ಟದ ನಮ್ಮವರು ಸಂಕೋಚದಿಂದ "ಈ ಹಸಿರು ಏನು?" ಎಂದು ಕೇಳಿದರಂತೆ. "ಹೊಸ ಥರ ರವೆ ಬಂದಿದೆ ಅಳಿಯಂದ್ರೇ," ಎಂದರಂತೆ ದೊಡ್ಡಮ್ಮ. ನಮ್ಮವರು ಈಗಲೂ ಅಂಗಡಿಯಲ್ಲಿ ಒಮ್ಮೊಮ್ಮೆ ಹಸಿರು ರವೆ ಇದೆಯೇ ಎಂದು ವಿಚಾರಿಸುವುದುಂಟು.

ಹೋದ ತಿಂಗಳು ಒಂದು ಬೆಳಿಗ್ಗೆ ರೈಲು ಕೂಗಿತು. ದೊಡ್ಡಮ್ಮ ಬಾಯಿ ಮುಕ್ಕಳಿಸಿದರು. ಹುಳದ ಮನೆಯ ಬಾಗಿಲ ತನಕ ಹೋದವರು ಬಾಗಿಲು ತೆಗೆಯಲಿಲ್ಲ, ಹೊಸಲಿನ ಹತ್ತಿರವೇ ಕೂತುಬಿಟ್ಟರಂತೆ. ನಾನು ಚಿಂತಾಮಣಿಯಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ನಡುಮನೆಯಲ್ಲಿ ಮಲಗಿಸಿದ್ದರು. ದೂರದಲ್ಲಿ ಕೆಲಸದಲ್ಲಿದ್ದ ಅಣ್ಣ ಬರುವ ತನಕ ಕಾಯಬೇಕಾಗಿತ್ತು. ಮುತ್ತೈದೆಗೆ ತೊಡಿಸಲು ಹೆಂಗಸರು ಹೊಸ ಹಸಿರು ಬಳೆ ತಂದಿದ್ದರು. "ಕೈ ಬಿಗಿದುಬಿಟ್ಟಿದೆ, ಹೋಗ್ತಾ ಇಲ್ಲ," ಎಂದರು. ನಾನು ಕೊಬ್ಬರಿ ಎಣ್ಣೆ ತರಿಸಿ, ಅವರ ಬೆರಳ ಗೆಣ್ಣಿಗೆ ಸವರಿ, ಒಂದೊಂದಾಗಿ ಹಾಕಿದೆ. ಗೆಣ್ಣಿನ ಮೇಲೆ ಹಳೆಯ ಗುರುತು ಹಾಗೇ ಇತ್ತು.

ಗೋಡೆಗೆ ಒರಗಿ ಕೂತಿದ್ದ ದೊಡ್ಡಪ್ಪ ನೋಡುತ್ತಿದ್ದರು. "ಐದು ನಿಮಿಷ ಸತ್ತು ಎದ್ದು ಬರೋದು ನಂಗೆ ಗೊತ್ತಿತ್ತು ಪುಟ್ಟಿ," ಅಂದರು. "ಇವಳಿಗೆ ಹೇಳಿಕೊಡಲೇ ಇಲ್ಲ ನೋಡು."

ಸಂಜೆ ನೀರು ಸೇದಲು ಹಿತ್ತಲಿಗೆ ಹೋದೆ. ಹೊರಗೆ ಇನ್ನೂ ದೀಪ ಹಚ್ಚಿರಲಿಲ್ಲ. ಬಾವಿಯ ಹತ್ತಿರ ನಿಂತಿದ್ದಾಗ ಹೊಲದ ಬದುವಿನ ಮೇಲೆ ಯಾರೋ ಓಡಿ ಬರುವುದು ಕಾಣಿಸಿತು. ಅಣ್ಣ. ಸ್ಟೇಷನ್ನಿನಿಂದ ಅಡ್ಡದಾರಿ ಹಿಡಿದು ಬಂದಿದ್ದ. ಕೈಯಲ್ಲಿ ಚೀಲ, ಕಾಲೆಲ್ಲ ಮಣ್ಣು. ಒಗೆಯುವ ಕಲ್ಲಿನ ಹತ್ತಿರ ಬಂದು ನಿಂತ.

"ಪುಟ್ಟಿ, ಅಮ್ಮ ಎಲ್ಲಿ?" ಎಂದ.

ನಾನು ತಿರುಗಿ ನೋಡಿದೆ. ಹಿತ್ತಲ ಬಾಗಿಲು ತೆರೆದಿತ್ತು. ಆ ಮಂಕುಬೆಳಕಿನಲ್ಲಿ, ಅಷ್ಟು ದೂರದಿಂದ, ಎಲ್ಲ ಸ್ಪಷ್ಟವಾಗಿ ಕಾಣಿಸುತ್ತಿತ್ತು.

"ನಡುಮನೇಲಿ ಮಲಗಿದಾಳೆ ಅಣ್ಣ. ಹಸಿರು ಬಳೆ ಹಾಕ್ಕೊಂಡಿದಾಳೆ. ಈ ಕೈಗೆ ಹನ್ನೆರಡು, ಆ ಕೈಗೆ ಹನ್ನೆರಡು."

ಬೆಳಗಿನ ರೈಲು ಹೋಗಿ ಬಹಳ ಹೊತ್ತಾಗಿತ್ತು. ನಾನು ಹೇಳಿದ್ದು ನಿಜ.